ಎತ್ತು ಒಪ್ಪಿದ ಏರು

‘ಬೈಸಿಕಲ್’ ಎಂಬ ಮಾತು ಮಲೆನಾಡಿನವರ ಬಾಯಿಗೆ ಬಿದ್ದು ‘ಬೀಸೇಕಲ್ಲು’ ಆದದ್ದನ್ನು ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಉಳಿಸಿಟ್ಟಿದ್ದಾರೆ. 1967ರಲ್ಲಿ ಅಚ್ಚಾದ ಆ ಪುಸ್ತಕದ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ತೀರ್ಥಹಳ್ಳಿ ಸೀಮೆಯಲ್ಲಿ. ಆದರೆ ಬರೆದವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹಾಗಾಗಿ ಆ ತಮಾಷೆಯಲ್ಲಿ ಕೊಪ್ಪದವರೂ ಒಂದು ಪಾಲು ಕೇಳಬಹುದು. ಬೀಸುವ ಕಲ್ಲನ್ನು ಬಲ್ಲವರಿಗೆ ಆ ಹೆಸರು ಬರೀ ನಾಲಿಗೆ ತೊಡರಿದ್ದರಿಂದ ಹುಟ್ಟಿತು ಅನ್ನಿಸುವುದಿಲ್ಲ. ದುಂಡಗಿನ ವಸ್ತು, ಕೂತು ತಿರುಗಿಸಬೇಕು, ತಿರುಗಿಸಿದಷ್ಟೇ ಹಿಟ್ಟು. ಗದ್ದೆಯ ಕೋಗು ಬಿಟ್ಟರೆ ಸಮತಟ್ಟು ನೆಲವೇ ಇಲ್ಲದ ಊರಿನಲ್ಲಿ ಗಿಯರ್ ಇಲ್ಲದ ಸೈಕಲ್ ತುಳಿದವರು ಆ ಹೆಸರನ್ನು ತಪ್ಪು ಎನ್ನಲಾರರು. ಈಗ ಅದೇ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ದಾರಿಗಳಲ್ಲಿ ದಪ್ಪ ಟಯರಿನ, ಮುಂದಿನ ಫೋರ್ಕಿಗೆ ಸ್ಪ್ರಿಂಗ್ ಇಟ್ಟ, ಗಿಯರ್‌ಗಳ ಸಾಲೇ ಇರುವ ಸೈಕಲ್ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತದೆ. ಅದರ ಹೆಸರಲ್ಲೇ ಬೆಟ್ಟವಿದೆ: ಮೌಂಟನ್ ಬೈಕ್. ಹೆಸರು ಕೇಳಿದವರು ಕೂಡಲೇ ಒಂದು ತೀರ್ಮಾನಕ್ಕೆ ಬರುತ್ತಾರೆ: ಬೆಟ್ಟದ ಸೈಕಲ್ ಅಂದಮೇಲೆ ಮಲೆನಾಡು ಅದರ ತವರು, ಹತ್ತಿಸಿ ನರಸಿಂಹ ಪರ್ವತಕ್ಕೆ, ಇಳಿಸಿ ಸಿರಿಮನೆಯ ಕಣಿವೆಗೆ. ಈ ತೀರ್ಮಾನ ತಪ್ಪು ಎಂದು ಹೇಳುವುದಕ್ಕೇ ಈ ಬರಹ. ಈ ಮೂರು ತಾಲ್ಲೂಕುಗಳಲ್ಲಿ ಆ ಸೈಕಲ್ಲಿಗೆ ತಕ್ಕ ಜಾಗ ಸಲೀಸಾದ ಮಣ್ಣು ರಸ್ತೆ. ತಕ್ಕ ಕಾಲ ಕಾರ್ತಿಕದಿಂದ ಶಿವರಾತ್ರಿಯವರೆಗಿನ ಚಳಿಗಾಲ. ಸಲೀಸು ಎಂದ ಕೂಡಲೇ ಮೂಗು ಮುರಿಯುವವರಿಗೆ ಮೊದಲೇ ಒಂದು ಮಾತು: ಈ ನೆಲದಲ್ಲಿ ಸಲೀಸು ಎನ್ನುವುದು ತಾನಾಗಿ ಇದ್ದದ್ದಲ್ಲ, ಯಾರೋ ಮಾಡಿದ್ದು.

ಮಲೆನಾಡಿನ ಹಳೆಯ ದಾರಿಗಳಲ್ಲಿ ಎರಡು ಜಾತಿ. ಒಂದು ಹೇರಿನ ಎತ್ತಿನದು, ಇನ್ನೊಂದು ಗಾಡಿಯದು. ಕರಾವಳಿಯಿಂದ ಉಪ್ಪು, ಒಣಮೀನು, ತೆಂಗು ಮೇಲೆ ಬರುತ್ತಿದ್ದದ್ದು, ಇಲ್ಲಿಂದ ಅಡಿಕೆ, ಅಕ್ಕಿ, ಮೆಣಸು ಕೆಳಗಿಳಿಯುತ್ತಿದ್ದದ್ದು ಬಹುಕಾಲ ಎತ್ತಿನ ಬೆನ್ನ ಮೇಲೆಯೇ. ಬೆನ್ನಿನ ಮೇಲೆ ಹೇರು ಹೊತ್ತ ಎತ್ತಿಗೆ ನಾಲ್ಕು ಗೊರಸು ಊರುವಷ್ಟು ಜಾಗ ಸಿಕ್ಕರೆ ಸಾಕು. ಕಲ್ಲಿನ ಮೆಟ್ಟಿಲನ್ನೂ ಹತ್ತುತ್ತದೆ, ಹಳ್ಳದ ಬಂಡೆಯನ್ನೂ ದಾಟುತ್ತದೆ. ಆದ್ದರಿಂದ ಹೇರಿನ ದಾರಿ ಗುಡ್ಡದ ಏಣಿನ ಮೇಲೆ ನೆಟ್ಟಗೆ ಏರುತ್ತದೆ, ನೆಟ್ಟಗೆ ಇಳಿಯುತ್ತದೆ. ಇವತ್ತಿನ ಸಾಹಸಿ ಸೈಕಲ್ಲಿನವರು ಹುಡುಕಿಕೊಂಡು ಹೋಗುವ ‘ಕಷ್ಟದ ದಾರಿ’ಯೆಂದರೆ ಬಹುಪಾಲು ಇದೇ. ಗಾಡಿ ಬಂದಾಗ ಲೆಕ್ಕ ಬದಲಾಯಿತು. ಗಾಡಿಗೆ ಅಗಲ ಬೇಕು, ಎಲ್ಲಿಯೂ ಮೆಟ್ಟಿಲು ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ ಏರು ಒಂದು ಮಿತಿ ದಾಟುವಂತಿಲ್ಲ. ಹೀಗಾಗಿ ಗಾಡಿದಾರಿ ಗುಡ್ಡವನ್ನು ಹತ್ತುವ ಬದಲು ಬಳಸುತ್ತದೆ: ಬಲಗಡೆ ಧರೆ ಕಡಿದು, ಎಡಗಡೆ ಕಲ್ಲು ಕಟ್ಟಿ, ಪ್ರತಿ ಹಳ್ಳದ ಬಾಯಿಗೂ ಒಮ್ಮೆ ಒಳಸರಿದು, ಪ್ರತಿ ಮೂಲೆಯಲ್ಲೂ ಹೊರಬಂದು, ಒಂದು ಮೈಲಿಗೆ ಎರಡು ಮೈಲಿ ಸುತ್ತುತ್ತದೆ. ತೋಟದ ಜಾಗಕ್ಕೆ ಕುತ್ತು ಬಂದರೂ ಅದನ್ನು ನೇರ ಮಾಡಲು ಹೋದವರಿಲ್ಲ. ಮಾಡಿದ್ದರೆ ಎತ್ತು ನಿಂತುಬಿಡುತ್ತಿತ್ತು.

ಎತ್ತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೂ ನೋಡಬಹುದು. ಎಳೆಯುವ ಪ್ರಾಣಿ ಹೊತ್ತುಗಟ್ಟಲೆ ಸುಸ್ತಾಗದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತರಲ್ಲೊಂದು ಪಾಲು ಎಂಬುದು ಬೇಸಾಯದವರೂ ಎಂಜಿನಿಯರುಗಳೂ ಒಪ್ಪಿದ ಲೆಕ್ಕ. ತಲಾ 300 ಕೆ.ಜಿ.ಯ ಒಂದು ಜೋಡಿ ಎಂದುಕೊಂಡರೆ 60 ಕೆ.ಜಿ.ಯಷ್ಟು ಎಳೆತ. ಗಾಡಿ ಮತ್ತು ಹೇರು ಸೇರಿ 600 ಕೆ.ಜಿ. ಇರಲಿ. ಒಣಗಿದ ಗಟ್ಟಿ ಮಣ್ಣಿನಲ್ಲಿ ಚಕ್ರ ಉರುಳಲು ತೂಕದ ಇಪ್ಪತ್ತರಲ್ಲೊಂದು, ಅಂದರೆ 30 ಕೆ.ಜಿ. ಎಳೆತ ಖರ್ಚಾಗುತ್ತದೆ. ಉಳಿದದ್ದು 30. ಅದರಲ್ಲಿ ಹತ್ತಲಾಗುವ ಏರು ಇಪ್ಪತ್ತು ಅಡಿಗೆ ಒಂದು ಅಡಿ, ಅಷ್ಟೇ. ಈಗ ಅದೇ ದಾರಿಗೆ ಸೈಕಲ್ಲನ್ನು ತನ್ನಿ. ಸವಾರ, ಸೈಕಲ್ ಸೇರಿ 80 ಕೆ.ಜಿ., ಗಂಟೆಗೆ 8 ಕಿ.ಮೀ. ವೇಗ. ಇಪ್ಪತ್ತಕ್ಕೊಂದರ ಏರಿನಲ್ಲಿ ಏರುವುದಕ್ಕೇ ಸುಮಾರು 87 ವ್ಯಾಟ್; ಮಣ್ಣಿನ ತಡೆಗೆ ಇನ್ನೊಂದು 30–35. ಒಟ್ಟು 120ರ ಆಸುಪಾಸು. ಆರೋಗ್ಯವಾಗಿರುವ, ಆದರೆ ಪಂದ್ಯಕ್ಕೆಂದು ತಯಾರಾಗದ ಆಳು ಒಂದು ಗಂಟೆ ಕಾಲ ತಡೆದುಕೊಳ್ಳಬಲ್ಲ ಕೆಲಸ ನೂರರಿಂದ ನೂರೈವತ್ತು ವ್ಯಾಟ್. ಏರು ಹತ್ತಕ್ಕೊಂದು ಆಯಿತೋ, ಬೇಕಾದದ್ದು ಇನ್ನೂರು ದಾಟುತ್ತದೆ. ಆಗ ಎಂಥ ಸಣ್ಣ ಗಿಯರಿಗೆ ಹಾಕಿದರೂ ವೇಗ ನಡಿಗೆಯಷ್ಟಕ್ಕೆ ಇಳಿಯುತ್ತದೆ, ಇಳಿದು ತಳ್ಳುವುದೇ ವಾಸಿ. ಎತ್ತಿನ ಜೋಡಿ ಒಪ್ಪಿದ ಏರನ್ನೇ ಮನುಷ್ಯನ ಮೊಣಕಾಲೂ ಒಪ್ಪುತ್ತದೆ. ಯಾವ ನಕಾಶೆಯೂ ಇಲ್ಲದೆ, ಗಾಡಿಯವರು ತಮ್ಮ ಎತ್ತಿನ ಏದುಸಿರು ನೋಡಿ ಹಾಕಿದ ಗೆರೆ, ಅವರು ಕನಸಿನಲ್ಲೂ ಕಾಣದ ಯಂತ್ರಕ್ಕೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂತಿದೆ. ಸಲೀಸು ದಾರಿ ಎಂದು ನಾನು ಕರೆಯುವುದು ಇದನ್ನು.

ನರಸಿಂಹರಾಜಪುರದ ಕಡೆ ಇದಕ್ಕಿಂತಲೂ ನಾಜೂಕಾದ ಗೆರೆಯೊಂದು ಇತ್ತು. ಊರಿನ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂದದ್ದು. ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ಕಾಡು ಸೀಳಿಕೊಂಡು ಇಲ್ಲಿಗೆ ಎರಡೇ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಜನ ಕರೆದದ್ದು ಟ್ರಾಂ ಎಂದು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರುವುದರಿಂದ ರೈಲು ಎತ್ತಿಗಿಂತಲೂ ಹೆದರುಪುಕ್ಕಲ. ಗಾಡಿ ಒಪ್ಪುವ ಏರಿನ ಅರ್ಧಕ್ಕೇ ಅದು ತಕರಾರು ತೆಗೆಯುತ್ತದೆ. ಕಬ್ಬಿಣದ ಹಳಿ ಹೊತ್ತ ದಾರಿ ಕಾಡಿನಲ್ಲಿ ಹಾಗೆ ಹೊಟ್ಟೆ ಅಲುಗದಂತೆ ಹೋಗುವುದು ಅದಕ್ಕೇ. ಜಗತ್ತಿನ ಬೇರೆ ಕಡೆ ನಿಂತುಹೋದ ರೈಲುಹಾದಿಗಳನ್ನು ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಇಲ್ಲಿ ಹಾಗೆ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ರೈಲು ನಿಂತಿತು, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಹಿನ್ನೀರು ನರಸಿಂಹರಾಜಪುರದ ಹತ್ತಿರದವರೆಗೂ ಬಂತು, ನಡುವಿನ ಕಾಡು 1974ರಲ್ಲಿ ಭದ್ರಾ ಅಭಯಾರಣ್ಯವೂ 1998ರಲ್ಲಿ ಹುಲಿ ಯೋಜನೆಯ ಪ್ರದೇಶವೂ ಆಯಿತು. ಹುಲಿಯ ಮನೆಯಲ್ಲಿ ಸೈಕಲ್ಲಿಗೆ ಏನು ಕೆಲಸ? ಟ್ರಾಂ ಕಥೆಯನ್ನು ಇಲ್ಲಿ ತಂದದ್ದು ಹಂಬಲಿಕೆಗಲ್ಲ. ಸಲೀಸಾದ ದಾರಿ ಎಂದರೆ ಲೆಕ್ಕ ಹಾಕಿದ ದಾರಿ, ಖರ್ಚು ಮಾಡಿದ ದಾರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಈ ಸೀಮೆಯಲ್ಲಿ ಇಲ್ಲ.

ಇನ್ನು ಕಾಲದ ಮಾತು. ಅಮೆರಿಕದ ಅರಿಜೋನಾದಂಥ ಮರುಭೂಮಿ ಸೀಮೆಯಲ್ಲಿ ಸೈಕಲ್ಲಿನವರು ನವೆಂಬರಿನಿಂದ ಮಾರ್ಚಿಯವರೆಗಿನ ತಿಂಗಳುಗಳಿಗಾಗಿ ಕಾದುಕೊಂಡಿರುತ್ತಾರೆ. ಬೇಸಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವ ಬಿಸಿಲು. ನೀರೇ ಇಲ್ಲದ ಆ ನೆಲದ ಪಂಚಾಂಗವೂ ನೀರಲ್ಲೇ ಮುಳುಗೇಳುವ ನಮ್ಮ ನೆಲದ ಪಂಚಾಂಗವೂ ಒಂದೇ ಆಗಿರುವುದು ಒಂದು ತಮಾಷೆ. ಅವರನ್ನು ಬಿಸಿಲು ಒಳಗೆ ಕೂರಿಸುತ್ತದೆ, ನಮ್ಮನ್ನು ಮಳೆ. ಶೃಂಗೇರಿಗೆ ನೆರೆಯ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ, ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆಯ ಅಳತೆ ಬೇಗಬೇಗ ಇಳಿಯುತ್ತ, ಕೊಪ್ಪ ದಾಟಿ ನರಸಿಂಹರಾಜಪುರ ಮುಟ್ಟುವ ಹೊತ್ತಿಗೆ ಆಕಾಶವೇ ಬೇರೆ. ಹಾಗಾಗಿ ಚಿತ್ತೆ, ಸ್ವಾತಿ ಮಳೆ ಮುಗಿದು ದೀಪಾವಳಿಯ ಹಣತೆ ಒಳಗಿಟ್ಟ ಮೇಲೆ ದಾರಿಗಳು ಒಂದೇ ದಿನ ಒಣಗುವುದಿಲ್ಲ. ಮೊದಲು ನರಸಿಂಹರಾಜಪುರದ ಕಡೆಯವು, ಆಮೇಲೆ ತುಂಗೆಗೂ ಭದ್ರೆಗೂ ನಡುವೆ ಕೂತ ಕೊಪ್ಪದವು, ಕೊನೆಗೆ ಶೃಂಗೇರಿ, ಕಿಗ್ಗದ ಕಡೆಯವು. ಕಿಗ್ಗದ ಧರೆಯಿಂದ ಡಿಸೆಂಬರ್ ಬಂದರೂ ಜಿನುಗು ಒಸರುತ್ತಲೇ ಇರುತ್ತದೆ. ಒಣಗುವ ಮುಂಚೆ ಹೋದರೆ ಏನಾಯಿತು, ಮೈಗೆ ಒಂದಿಷ್ಟು ಕೆಸರು ತಾನೆ ಎನ್ನುವವರಿದ್ದಾರೆ. ಕೆಸರು ಮೈಗೆ ಬಡಿದದ್ದಕ್ಕೆ ಯಾರದೂ ಅಭ್ಯಂತರವಿಲ್ಲ. ದಾರಿಗೆ ಆಗುವ ಗಾಯದ ಮಾತು ನನ್ನದು. ನೆನೆದ ಕೆಮ್ಮಣ್ಣಿನಲ್ಲಿ ಟಯರು ಬೆರಳಗಲದ ಗೀರು ಎಳೆಯುತ್ತದೆ. ಮುಂದಿನ ಮಳೆಯ ನೀರು ಚರಂಡಿ ಬಿಟ್ಟು ಆ ಗೀರಿಗೆ ಇಳಿಯುತ್ತದೆ. ನೀರು ಒಮ್ಮೆ ಇಳಿದ ಕಡೆ ಮತ್ತೆ ಮತ್ತೆ ಇಳಿದು, ಗೀರು ಗಟಾರವಾಗಿ, ಜೀಪು ಹೋಗುವ ದಾರಿ ಜೀಪಿಗೂ ಬೇಡವಾಗುತ್ತದೆ. ಹಳೆಯ ಕಾಲದಲ್ಲಿ ಮಳೆ ಹಿಡಿಯಿತೆಂದರೆ ಗಾಡಿ ಕೊಟ್ಟಿಗೆ ಸೇರುತ್ತಿದ್ದದ್ದು ಎತ್ತಿನ ಮೇಲಿನ ಕನಿಕರದಿಂದ ಮಾತ್ರ ಅಲ್ಲ. ಕೆಸರಿನಲ್ಲಿ ಚಕ್ರದ ತಡೆ ಎರಡು ಪಟ್ಟಾದರೆ ಮೇಲೆ ಹಾಕಿದ ಲೆಕ್ಕದಲ್ಲಿ ಏರಿಗೆಂದು ಉಳಿದಿದ್ದ 30 ಕೆ.ಜಿ. ಸೊನ್ನೆಯಾಗುತ್ತದೆ. ಏರಿನ ಲೆಕ್ಕ, ಕಾಲದ ಲೆಕ್ಕ ಒಂದೇ ಪುಸ್ತಕದವು.

ಒಣಗಿದ ಮೇಲೆ ಆ ದಾರಿ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಗ್ಗಿಯೇ ನೋಡಬೇಕು. ಧನುರ್ಮಾಸದ ಬೆಳಿಗ್ಗೆ ಎಂಟರ ಹೊತ್ತು; ತುಂಗೆಯ ಮೇಲಿನ ಮಂಜು ಇನ್ನೂ ಮೇಲೆದ್ದಿಲ್ಲ. ದಾರಿಯ ನಡುವೆ ಜೀಪಿನ ಹೊಟ್ಟೆಗೆ ಮಾತ್ರ ತಗಲುವ ಹುಲ್ಲಿನ ಪಟ್ಟೆ, ಅದರ ತುಂಬ ಇಬ್ಬನಿ. ಎರಡು ಪಕ್ಕ ಚಕ್ರ ಹರಿದು ಗಟ್ಟಿಯಾದ ಜಾಡು. ಜಾಡಿನ ಮೇಲೆ ಅಂಗೈಯಗಲದ ದರಗು. ಹೊಸಬರು ಎಡವುವುದು ಇಲ್ಲೇ. ಮೇಲೆ ಗರಿಗರಿಯಾಗಿ ಒಣಗಿದಂತೆ ಕಾಣುವ ದರಗಿನ ಕೆಳಪದರ ಇಬ್ಬನಿ ಕುಡಿದು ನೆನೆದಿರುತ್ತದೆ. ಅದರಡಿ ಜಂಬಿಟ್ಟಿಗೆಯ ಉರುಟು ಹರಳು. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದಿರೋ, ಎಣ್ಣೆ ಸವರಿದ ಕಾವಲಿಯ ಮೇಲೆ ಹಿಟ್ಟು ಜಾರಿದಂತೆ. ಬಲ್ಲವರು ತಿರುವಿಗೆ ಮೊದಲೇ ವೇಗ ಕಳೆದು, ಬ್ರೇಕು ಬಿಟ್ಟು ತಿರುಗುತ್ತಾರೆ. ಟಾರಿಗೆಂದು ಕಲ್ಲಿನಂತೆ ಗಾಳಿ ಹೊಡೆದ ಟಯರಿನಿಂದ ಒಂದಿಷ್ಟು ಗಾಳಿ ಬಿಟ್ಟು, ಹೆಬ್ಬೆರಳಿಗೆ ತುಸು ಬಗ್ಗುವಂತೆ ಮಾಡಿಕೊಳ್ಳುತ್ತಾರೆ. ಮೆತ್ತಗಾದ ಟಯರು ಹರಳನ್ನು ಎಗರಿಸುವ ಬದಲು ನುಂಗಿಕೊಂಡು ಹೋಗುತ್ತದೆ. ಸಲೀಸು ದಾರಿಗೆ ಕೈಚಳಕವೇ ಬೇಡ ಎನ್ನುವವರು ಈ ದರಗಿನ ತಿರುವೊಂದನ್ನು ಬಿದ್ದಾದರೂ ನೋಡಬೇಕು. ಅದನ್ನು ದಾಟಿದರೆ ಕಾಫಿ ತೋಟದ ಬೇಲಿ, ಕೆಂಪಾದ ಅರೇಬಿಕಾ ಹಣ್ಣು. ಅದರಾಚೆ ಯಾರದೋ ಮನೆಯ ಒಲೆಯಲ್ಲಿ ಅಡಿಕೆ ಬೇಯುತ್ತಿರುವ ಚೊಗರಿನ ಒಗರು ವಾಸನೆ. ಈ ವಾಸನೆ ಮೂಗಿಗೆ ಸಿಗುವುದು ಗಂಟೆಗೆ ಹತ್ತು ಕಿಲೋಮೀಟರಿನ ವೇಗದಲ್ಲಿ. ಕಾರಿನವರಿಗೆ ಗಾಜು ಅಡ್ಡ, ಬೈಕಿನವರಿಗೆ ಅವರದೇ ಹೊಗೆ ಅಡ್ಡ.

ಮೊದಲ ಆಕ್ಷೇಪ ಸೈಕಲ್ಲಿನವರ ಕಡೆಯಿಂದಲೇ ಬರುತ್ತದೆ. ಬೆಟ್ಟ, ಬಂಡೆ, ಬೇರುಗಳಿಗೆಂದೇ ಮಾಡಿದ ಯಂತ್ರವನ್ನು ಜೀಪು ದಾರಿಯಲ್ಲಿ ಓಡಿಸುವುದು ಪಟ್ಟದಾನೆಯನ್ನು ಹೊಲ ಉಳಲು ಕಟ್ಟಿದಂತೆ ಎಂಬುದು ಅವರ ಮಾತು. ಆದರೆ ಆ ಯಂತ್ರದ ಹುಟ್ಟು ನೋಡಿದರೆ ಮಾತು ತಿರುಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಗುಡ್ಡದಿಂದ ಇಳಿಸಿದ್ದು ಒಂದು ಅಗ್ನಿ ರಸ್ತೆಯಲ್ಲಿ, ಅಂದರೆ ಕಾಡಿಗೆ ಬೆಂಕಿ ಬಿದ್ದಾಗ ಟ್ರಕ್ಕು ಹೋಗಲೆಂದು ಕಡಿದ ಮಣ್ಣು ರಸ್ತೆಯಲ್ಲಿ. ಸುಮಾರು 3 ಕಿ.ಮೀ.ಯಲ್ಲಿ 400 ಮೀಟರ್ ಇಳಿಯುವ ಆ ರಸ್ತೆಗೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದಕ್ಕೂ ಕಾರಣ ಗ್ರೀಸು: ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ, ಮತ್ತೆ ಬಿಚ್ಚಿ ತುಂಬಬೇಕಾಗುತ್ತಿತ್ತು. ಮೇಲಕ್ಕೆ ಒಯ್ಯುತ್ತಿದ್ದದ್ದು ತಳ್ಳಿಕೊಂಡು, ಇಲ್ಲವೇ ಪಿಕಪ್ಪಿನಲ್ಲಿ ಹೇರಿಕೊಂಡು. ಏರನ್ನೂ ತುಳಿದುಕೊಂಡೇ ಹೋಗೋಣ ಎಂಬ ಆಸೆ ಹುಟ್ಟಿದ ಮೇಲೆ ಗಿಯರ್ ಕೂಡಿಸಿದರು. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. ಬಂಡೆ ಹಾರಿಸುವ ಆಟ ಆಮೇಲಿನದು. ಆಟ ಆಡುವವರು ಆಡಲಿ. ಆದರೆ ಮಣ್ಣು ರಸ್ತೆ ಆ ಸೈಕಲ್ಲಿಗೆ ಅವಮಾನ ಎಂಬ ಮಾತನ್ನು ಅದರ ಚರಿತ್ರೆ ಒಪ್ಪುವುದಿಲ್ಲ. ಅದರ ತೊಟ್ಟಿಲು ತೂಗಿದ್ದೇ ಅಲ್ಲಿ.

ಎರಡನೆಯ ಆಕ್ಷೇಪಕ್ಕೆ ನಾನು ಇಷ್ಟು ಸುಲಭವಾಗಿ ಉತ್ತರ ಹೇಳಲಾರೆ. ನೀವು ಹೊಗಳುವ ಈ ಚಳಿ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳಲ್ಲವೇ ಎಂದು ಊರಿನವರು ಕೇಳುತ್ತಾರೆ. ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಗೆ ಬಂದ ಆ ಜ್ವರವನ್ನು ಹರಡುವುದು ಉಣುಗು; ಅದರ ಸಾಸಿವೆಯಷ್ಟು ಚಿಕ್ಕ ಮರಿಗಳು ಕಾಡಿನ ದರಗಿನಲ್ಲಿ ತುಂಬಿಕೊಳ್ಳುವುದು ಡಿಸೆಂಬರಿನಿಂದ ಮುಂದೆ, ಬೇಸಗೆಯವರೆಗೆ. ಈ ಮೂರೂ ತಾಲ್ಲೂಕುಗಳಿಗೆ ಆ ಜ್ವರ ಹೊಸದಲ್ಲ. ಹಾಗೆಯೇ ಕಾಡಾನೆ. ಭದ್ರಾ ಕಾಡಿನ ಅಂಚಿನಲ್ಲಿ ಆನೆ ತೋಟಕ್ಕೆ ಇಳಿಯುವುದು ಈಗ ಸುದ್ದಿಯಾಗಿಯೂ ಉಳಿದಿಲ್ಲ. ಕೂಲಿಗೆ ಹೊರಟವರ ಜೀವ ಹೋದದ್ದೂ ಇದೆ. ಇವೆರಡನ್ನೂ ಬದಿಗೆ ಸರಿಸಿ ಸೈಕಲ್ಲಿನ ಸುಖ ಹಾಡುವುದು ನಾಚಿಕೆಗೇಡು. ಆದರೆ ಈ ಆಕ್ಷೇಪ ನನ್ನ ವಾದದ ಎದುರು ನಿಲ್ಲುವ ಬದಲು ಅದರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಉಣುಗು ಕಾಯುವುದು ಕಾಲುದಾರಿಗೆ ಬಾಗಿದ ಹಳುವಿನಲ್ಲಿ, ಮಂಗ ಸತ್ತ ಕಾಡಿನ ನೆಲದಲ್ಲಿ. ಎರಡು ಕಡೆ ಸವರಿದ, ಬಿಸಿಲು ಬೀಳುವ, ಚಕ್ರ ಹರಿದು ಬೋಳಾದ ಅಗಲ ದಾರಿಯ ನಡುವೆ ಅದಕ್ಕೆ ಮೈ ಸಿಗುವುದು ಕಡಿಮೆ. ಆನೆ ಮೊದಲೇ ಕಣ್ಣಿಗೆ ಬೀಳುವುದೂ ಅಂಥ ದಾರಿಯಲ್ಲೇ, ಅದೂ ಬೆಳಕು ಹರಿದ ಮೇಲೆ. ಕಾಯಿಲೆಯ ಸುದ್ದಿ ಇರುವ ಗ್ರಾಮದ ಕಡೆ ಆ ವರ್ಷ ಹೋಗದಿರುವುದು, ಆನೆ ಬಂದಿದೆ ಎಂದು ಊರಿನವರು ಹೇಳಿದ ಕಡೆ ತಿರುಗಿ ಬರುವುದು, ದರಗಿನ ಮೇಲೆ ಕೂತು ಬುತ್ತಿ ಬಿಚ್ಚದಿರುವುದು, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೈ ನೋಡಿಕೊಳ್ಳುವುದು — ಇಷ್ಟನ್ನು ಮಾಡಲಾಗದವರು ಟಾರು ರಸ್ತೆಯಲ್ಲೇ ಇರಲಿ. ನರಸಿಂಹ ಪರ್ವತದ ಕಡೆಗೆ ಸೈಕಲ್ ಹತ್ತಿಸುವ ಮಾತಂತೂ ಬೇಡವೇ ಬೇಡ. ಅಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಿಂದ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಅಪ್ಪಣೆ ಇಲ್ಲದ ಕಾಡಿನಲ್ಲಿ ಸೈಕಲ್ ನುಗ್ಗಿಸಿ ವಿಡಿಯೋ ಮಾಡಿ ಹಾಕುವವರ ಧೈರ್ಯಕ್ಕೆ ನನ್ನಲ್ಲಿ ಬೇರೆಯೇ ಒಂದು ಹೆಸರಿದೆ, ಅಚ್ಚಿಗೆ ಹೋಗುವಂಥದ್ದಲ್ಲ.

ಇನ್ನೊಂದು ಮಾತು ದಾರಿ ಯಾರದು ಎಂಬುದು. ಬಯಲುಸೀಮೆಯಲ್ಲಿ ದಾರಿ ಊರಿಂದ ಊರಿಗೆ ಹೋಗುತ್ತದೆ. ಮಲೆನಾಡಿನಲ್ಲಿ ಊರು ಎಂಬುದೇ ಚದುರಿದ ಒಂಟಿ ಮನೆಗಳ ಲೆಕ್ಕ. ಇಲ್ಲಿ ಮಣ್ಣು ರಸ್ತೆ ಹಿಡಿದು ಹೋದರೆ ಅದು ಕೊನೆಯಾಗುವುದು ಯಾರದೋ ಅಂಗಳದಲ್ಲಿ. ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ನಾಯಿ ಇರುತ್ತದೆ, ಜಗಲಿಯಲ್ಲಿ ಕೊನೆ ಕೊಯ್ಲಿನ ಲೆಕ್ಕ ಬರೆಯುತ್ತ ಕೂತ ಹಿರಿಯರೊಬ್ಬರಿರುತ್ತಾರೆ. ‘ಯಾರ ಮನೇಗೆ ಹೋಗ್ಬೇಕಿತ್ತು?’ ಎಂಬ ಪ್ರಶ್ನೆ ಅಲ್ಲಿ ತಪ್ಪಿದ್ದಲ್ಲ. ಅದು ಅನುಮಾನದ ಪ್ರಶ್ನೆಯಲ್ಲ. ಇಷ್ಟು ದೂರ ಬಂದವರು ಯಾರ ಮನೆಗೂ ಹೋಗುವವರಲ್ಲ ಎಂಬುದು ಆ ಜಗಲಿಯ ಅನುಭವದಲ್ಲಿ ಇಲ್ಲವೇ ಇಲ್ಲ. ಸುಮ್ಮನೆ ಸೈಕಲ್ ಹೊಡೆಯಲು ಬಂದೆವು ಎಂಬ ಉತ್ತರ ಅವರಿಗೆ ಅರ್ಧ ಸುಳ್ಳಿನಂತೆ ಕೇಳಿದರೆ ತಪ್ಪೇನಿಲ್ಲ. ಕೊಯ್ಲಿನ ಕಾಲದಲ್ಲಿ, ಕೊನೆಗಾರರು ಸಿಗದೆ ಒದ್ದಾಡುತ್ತಿರುವ, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಮೋಡ ಕಂಡರೆ ಒಣಗಿದ ಅಡಿಕೆಯನ್ನು ಬಾಚಿ ಒಳಗೆ ಹಾಕಲು ಓಡುವ ಜನರ ನಡುವೆ, ಹೆಲ್ಮೆಟ್ಟು ಹಾಕಿಕೊಂಡು ಸುಮ್ಮನೆ ತಿರುಗುವವರು ಅಧಿಕಪ್ರಸಂಗದವರಂತೆ ಕಾಣುತ್ತಾರೆ ಎಂಬ ಟೀಕೆ ನಿಜವೇ. ಆದರೆ ಅದಕ್ಕೆ ಪರಿಹಾರ ಕೊಯ್ಲಿಲ್ಲದ ಕಾಲಕ್ಕೆ ಹೋಗುವುದಲ್ಲ, ಆಗ ಮಳೆ. ಪರಿಹಾರ ಚಿಕ್ಕ ಮರ್ಯಾದೆಗಳಲ್ಲಿದೆ. ಕಾಫಿ ಮೂಟೆಯ ಪಿಕಪ್ ಎದುರಾದರೆ ಇಳಿದು ಧರೆಗೆ ಒರಗಿ ನಿಲ್ಲಬೇಕು. ಏರಿನಲ್ಲಿ ನಿಂತ ಪಿಕಪ್ಪು ಮತ್ತೆ ಹೊರಡುವಾಗ ಹಿಂದೆ ಸರಿಯುತ್ತದೆ, ನಿಂತ ಸೈಕಲ್ಲು ಸರಿಯುವುದಿಲ್ಲ. ಉಣುಗೋಲು ಎದುರಾದರೆ ಬಿದಿರ ಗಳಗಳನ್ನು ಒಂದೊಂದಾಗಿ ಸರಿಸಿ, ದಾಟಿ, ಇದ್ದ ತೂತಿಗೇ ಇದ್ದ ಕ್ರಮದಲ್ಲೇ ಮತ್ತೆ ಸೇರಿಸಬೇಕು. ಎರಡು ನಿಮಿಷದ ಕೆಲಸ. ಅದನ್ನು ಬಿಟ್ಟು ಹೋದರೆ ದನ ಗದ್ದೆಗೆ ನುಗ್ಗಿ, ಮುಂದಿನ ವರ್ಷ ಆ ಜಾಗದಲ್ಲಿ ಬೀಗ ಹಾಕಿದ ಕಬ್ಬಿಣದ ಗೇಟು ಬಂದಿರುತ್ತದೆ. ಕಾಫಿ ಎಸ್ಟೇಟಿನ ಒಳದಾರಿಗಳು ಹೀಗೇ ಒಂದೊಂದಾಗಿ ಮುಚ್ಚಿಕೊಂಡಿವೆ. ಮುಚ್ಚಿದವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಂಕ್ರೀಟಿನದು. ನಿಮ್ಮ ಸೈಕಲ್ಲಿನ ಸುಖಕ್ಕೆ ನಮ್ಮ ದಾರಿ ಮಣ್ಣಾಗಿಯೇ ಇರಬೇಕೋ ಎಂದು ಕೇಳಿದರೆ ಉತ್ತರ ಒಂದೇ: ಕೂಡದು. ಮಳೆಗಾಲದ ರಾತ್ರಿ ಬಾಣಂತಿಯನ್ನು ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ಹೊತ್ತು ಟಾರು ರಸ್ತೆಯವರೆಗೆ ತರುವ ಊರುಗಳು ಮಲೆನಾಡಿನಲ್ಲಿ ಇನ್ನೂ ಇವೆ. ಕಾಲುಸಂಕ ಕೊಚ್ಚಿಹೋದರೆ ಮಕ್ಕಳಿಗೆ ಶಾಲೆ ಇಲ್ಲ. ಅಂಥ ದಾರಿಗೆ ನಾಳೆಯೇ ಕಾಂಕ್ರೀಟು ಬೀಳಲಿ. ಸೈಕಲ್ಲಿನವರು ಆ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ನನ್ನ ಕಾಳಜಿ ಇರುವುದು ಕಾಂಕ್ರೀಟು ಬಂದ ಮೇಲೆ ಪಕ್ಕಕ್ಕೆ ಬಿದ್ದ ದಾರಿಗಳ ಮೇಲೆ. ಹೊಸ ರಸ್ತೆ ಗುಡ್ಡವನ್ನು ನೇರ ಸೀಳುತ್ತದೆ, ಏಕೆಂದರೆ ಡೀಸೆಲ್ಲಿಗೆ ಹತ್ತಕ್ಕೊಂದರ ಏರು ಲೆಕ್ಕಕ್ಕಿಲ್ಲ. ಹಳೆಯ ಗಾಡಿದಾರಿ ಪಕ್ಕದಲ್ಲೇ, ತನ್ನ ಸುತ್ತುಗಳನ್ನು ಹೊತ್ತು, ಒಂದೆರಡು ಮಳೆಗಾಲದಲ್ಲಿ ಲಂಟಾನ ಹತ್ತಿ ಮುಚ್ಚಿಹೋಗುತ್ತದೆ. ಅದನ್ನು ಉಳಿಸಲು ಯಾವ ಯೋಜನೆಯೂ ಬೇಕಿಲ್ಲ, ಯಾವ ಫಲಕವೂ ಬೇಡ. ಮಳೆ ಹಿಡಿಯುವ ಮುಂಚೆ ಯಾರಾದರೂ ಹಾರೆ ಹಿಡಿದು ಮೇಲ್ಬದಿಯ ಚರಂಡಿಯ ದರಗು ತೆಗೆದು ನೀರು ಬಿಡಿಸಿದರೆ ಸಾಕು. ಮಳೆ ಬಿಟ್ಟ ಮೇಲೆ ಯಾರಾದರೂ ನಡೆದರೆ, ದನ ಹೊಡೆದರೆ, ಸೈಕಲ್ ತುಳಿದರೆ ಸಾಕು. ಹಿಂದೆ ಮೊದಲ ಕೆಲಸವನ್ನು ಮನೆಮನೆಯವರು ಮಾಡುತ್ತಿದ್ದರು, ತಮ್ಮ ಗಾಡಿ ಹೋಗಬೇಕಿತ್ತು. ಈಗ ಅವರಿಗೆ ಆ ಗರಜಿಲ್ಲ. ಚಳಿಗಾಲದಲ್ಲಿ ಬಂದು ಸುಖ ಉಂಡವರು ವೈಶಾಖದಲ್ಲಿ ಒಂದು ಭಾನುವಾರ ಹಾರೆ ಹಿಡಿದು ಬಂದರೆ ಲೆಕ್ಕ ಸರಿಹೋಗುತ್ತದೆ. ಸೈಕಲ್ಲಿನವರಲ್ಲಿ ಎಷ್ಟು ಮಂದಿ ಹಾರೆಗೂ ಬರುತ್ತಾರೆ ಎಂದು ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಶಿವರಾತ್ರಿ ಕಳೆದು ಚಳಿ ‘ಶಿವ ಶಿವ’ ಎಂದು ಹೋದಮೇಲೆ ದಾರಿಗಳು ಪುಡಿಯಾಗತೊಡಗುತ್ತವೆ. ಟಯರು ಹೂತು ಹಿಟ್ಟಿನಂಥ ಕೆಂಧೂಳು ಏಳುತ್ತದೆ, ಹತ್ತು ಗಂಟೆಗೇ ಬಿಸಿಲು ಬೆನ್ನು ಸುಡುತ್ತದೆ. ಆಗ ಎಲ್ಲರ ಕಣ್ಣೂ ಹೂಮಳೆಯ ಮೇಲೆ. ಒಂದು ಇಂಚಿನಷ್ಟು ಒಳ್ಳೆಯ ಮಳೆ ಸರಿಯಾದ ಹೊತ್ತಿಗೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ಮುಂದಿನ ವರ್ಷದ ಫಸಲಿಗೇ ಪೆಟ್ಟು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಯ ಸಂಶೋಧನೆ ನಡೆದಿದೆ, ಆದರೂ ಮಳೆಗೆ ಬದಲಿ ಎಂದರೆ ಸ್ಪ್ರಿಂಕ್ಲರ್ ಇಟ್ಟು ಮಳೆಯನ್ನೇ ಅಣಕಿಸುವುದು, ಅದೂ ಹೊಳೆ ಕೆರೆಯಲ್ಲಿ ನೀರಿದ್ದವರಿಗೆ. ಆ ಒಂದು ಇಂಚಿನ ಮಳೆ ಸೈಕಲ್ಲಿನವರ ಎರಡು ವಾರ ತಿನ್ನುತ್ತದೆ. ಕಿಗ್ಗದ ಋಷ್ಯಶೃಂಗ ದೇವ ಮಳೆಗೆ ಅಧಿಪತಿ. ಮಳೆ ಬಾರದ ವರ್ಷ ಬರಲಿ ಎಂದೂ, ಅತಿಯಾದ ವರ್ಷ ನಿಲ್ಲಲಿ ಎಂದೂ ಅಲ್ಲಿ ಪೂಜೆ ಸಲ್ಲಿಸುತ್ತಾರೆ. ಶೃಂಗೇರಿಯಿಂದ ಅಲ್ಲಿಗೆ ಹತ್ತು ಕಿಲೋಮೀಟರಿನ ಆಸುಪಾಸು, ಸೈಕಲ್ಲಿಗೆ ಒಂದು ಗಂಟೆಯ ದಾರಿ. ಮಾರ್ಚಿಯ ಕೊನೆಗೆ ಅಲ್ಲಿಗೆ ಹೋಗಿ ಕೈಮುಗಿದು ನಿಂತ ಸೈಕಲ್ಲಿನವರು ಯಾವುದನ್ನು ಬೇಡಿಕೊಳ್ಳಬೇಕು? ಸುತ್ತ ನಿಂತವರಲ್ಲಿ ಕಾಫಿಯವರಿರುತ್ತಾರೆ; ಬೇಡುವುದಾದರೆ ದನಿ ತಗ್ಗಿಸಿ ಬೇಡುವುದು ಒಳ್ಳೆಯದು.